ಬಾಸ್ಟನ್ನಿನ ನಾಗಸ್ವರ, ಮಂಗಳೂರಿನ ಸ್ಯಾಕ್ಸೊಫೋನ್

1983ರ ಫೆಬ್ರುವರಿ ತಿಂಗಳು. ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನ ಧ್ವನಿಮುದ್ರಣ ಸ್ಟುಡಿಯೊ ಒಂದರಲ್ಲಿ ಐವರು ಕಲಾವಿದರು ಸೇರಿದ್ದರು. ನಾಲ್ವರು ಬೆಂಗಳೂರಿನವರು: ಗಾಯಕಿ ಆರ್.ಎ. ರಮಾಮಣಿ, ಮೃದಂಗದ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಸಿಂಗ್ ನುಡಿಸುವ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್. ಐದನೆಯವರು ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ. ಆಗ ಅವರ ವಯಸ್ಸು ಐವತ್ತೊಂಬತ್ತು. ಮುದ್ರಿಸಿಕೊಳ್ಳುತ್ತಿದ್ದದ್ದು ಇಸಿಎಂ ಕಂಪನಿ. ಕೀತ್ ಜಾರೆಟ್ ಅವರ ಕಲೋನ್ ಕಛೇರಿಯ ರೆಕಾರ್ಡಿನಿಂದ ಜಗತ್ತಿಗೆಲ್ಲ ಗೊತ್ತಾಗಿದ್ದ ಸಂಸ್ಥೆ. ಅದೇ ವರ್ಷ ಹೊರಬಂದ ಈ ರೆಕಾರ್ಡಿಗೆ ಇಟ್ಟ ಹೆಸರು 'ಜ್ಯೋತಿ'.

ಅದರಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಜಾಝ್ ತಂಡವೆಂದರೆ ಮೊದಲು ನೆನಪಾಗುವ ಮೂರು ವಾದ್ಯಗಳೂ ಹೊರಗುಳಿದಿವೆ. ಇರುವುದು ತಂಬೂರಿಯ ಶ್ರುತಿ, ರಮಾಮಣಿಯವರ ದನಿ, ಮೃದಂಗ, ಘಟ, ಖಂಜಿರ, ಬಾಯಿಯಲ್ಲಿ ಹೇಳುವ ಸೊಲ್ಲುಕಟ್ಟು. ಇವುಗಳ ನಡುವೆ ಮಾರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ರೆಕಾರ್ಡು ಆರಂಭವಾಗುವುದೇ ರಮಾಮಣಿಯವರ ಒಂಟಿ ದನಿಯಿಂದ. ಜಗತ್ತಿನ ಹೆಸರಾಂತ ಜಾಝ್ ವಾದಕರೊಬ್ಬರು ತಮ್ಮ ಹೆಸರಿನಲ್ಲಿ ಬರುವ ರೆಕಾರ್ಡಿನ ಮೊದಲ ನಿಮಿಷಗಳನ್ನು ಬೆಂಗಳೂರಿನ ಹೆಣ್ಣುಮಗಳೊಬ್ಬಳಿಗೆ ಬಿಟ್ಟುಕೊಟ್ಟು ಸುಮ್ಮನೆ ಕೇಳುತ್ತ ಕೂತಿದ್ದಾರೆ. ಜಾಝ್ ಕಲಾವಿದರನ್ನು ಹೇಗೆ ಬೆಳೆಸುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ನಿಮಿಷಗಳನ್ನು.

ಜಾಝ್ ಎಂದರೆ ಮನಸ್ಸಿಗೆ ಬಂದಂತೆ ಬಾರಿಸುವುದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ನಿಜವಾಗಿ ಅದು ಕಿವಿಯ ಶಿಸ್ತು. ಪಕ್ಕದವನು ಈಗ ಏನು ನುಡಿಸಿದ, ಅದಕ್ಕೆ ನಾನು ಏನು ಹೇಳಬೇಕು ಎಂಬುದನ್ನು ಆ ಕ್ಷಣದಲ್ಲೇ ನಿರ್ಧರಿಸುವ ವಿದ್ಯೆ. ಆ ಶಿಸ್ತಿನಲ್ಲಿ ಬೆಳೆದ ಕೆಲವರು ಕರ್ನಾಟಕದ ಕಡೆಗೆ ಕಿವಿ ತಿರುಗಿಸಿದಾಗ ನಮ್ಮ ಕಲಾವಿದರಲ್ಲಿ ಅಡಗಿದ್ದ ಯಾವುದೋ ಹೊರಗೆ ಬಂತು. ಅವರ ಸಂಗೀತದಲ್ಲೂ ಹೊಸದೊಂದು ಸೇರಿತು. ಸುಮಾರು 1964ರಿಂದ 2008ರವರೆಗೆ ನಡೆದ ಈ ಕೊಡುಕೊಳ್ಳುವಿಕೆ ನಮ್ಮ ಸಾಂಸ್ಕೃತಿಕ ಇತಿಹಾಸದ ದೊಡ್ಡ ಅಧ್ಯಾಯ. ಕನ್ನಡದಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬ ಕೊರಗಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಜಾಝ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನ ಕಪ್ಪು ಜನರ ನಡುವೆ, ಇಪ್ಪತ್ತನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಎರಡು ತಲೆಮಾರೂ ಕಳೆಯದ ಜನ, ಮಿಲಿಟರಿ ಬ್ಯಾಂಡುಗಳು ಬಿಟ್ಟುಹೋದ ತುತ್ತೂರಿ, ಕ್ಲಾರಿನೆಟ್‌ಗಳನ್ನು ಎತ್ತಿಕೊಂಡು ತಮ್ಮ ದುಃಖ ಸಂತೋಷಗಳನ್ನು ಅವುಗಳಲ್ಲಿ ಊದಿದರು. 1917ರಲ್ಲಿ ಮೊದಲ ಜಾಝ್ ರೆಕಾರ್ಡು ಬಂತು. 1935ರಲ್ಲಿ ಲಿಯಾನ್ ಆ್ಯಬಿ ಎಂಬ ಕಪ್ಪು ಪಿಟೀಲುವಾದಕರ ತಂಡ ಮುಂಬಯಿಯ ತಾಜ್ ಹೋಟೆಲಿಗೆ ಬಂದು ನುಡಿಸಿತು. ಗೋವಾದ ವಾದಕರು ಅದನ್ನು ಕಲಿತು, ಹೋಟೆಲುಗಳಲ್ಲಿ ನುಡಿಸಿ, ಮುಂದೆ ಹಿಂದಿ ಸಿನಿಮಾದ ವಾದ್ಯಗೋಷ್ಠಿಗಳಿಗೆ ಒಯ್ದರು.

ಬೆಂಗಳೂರಿನ ಮಾತು ಬೇರೆ. ಅಲ್ಲಿ ದಂಡು ಪ್ರದೇಶ ಒಂದು ಲೋಕ, ಪೇಟೆ ಇನ್ನೊಂದು ಲೋಕ. ದಂಡಿನ ಕಡೆ ಕ್ಲಬ್ಬುಗಳ ನೃತ್ಯಸಂಗೀತ, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್. ಪೇಟೆಯ ಕಡೆ ರಾಮನವಮಿಯ ಚಪ್ಪರ, ಮೃದಂಗ, ತಂಬೂರಿ. ಎರಡರ ನಡುವೆ ಕೆಲವೇ ಮೈಲಿ. ಆದರೂ ಒಂದರ ದನಿ ಇನ್ನೊಂದಕ್ಕೆ ಸರಿಯಾಗಿ ಕೇಳಿಸಲು ದಶಕಗಳೇ ಹಿಡಿದವು. ಮೈಸೂರಿನಲ್ಲಿ ಮಾತ್ರ ಅರಮನೆಯ ಆಶ್ರಯದಲ್ಲಿ ಪಾಶ್ಚಾತ್ಯ ವಾದ್ಯಗಳಿಗೂ ವೀಣೆಗೂ ಒಂದೇ ಸೂರು ಸಿಕ್ಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಒಟ್ಟೊ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅರಮನೆಯ ವಾದ್ಯವೃಂದವನ್ನು ನಡೆಸುತ್ತಿದ್ದರು. ಆ ಅರಮನೆ ಬ್ಯಾಂಡಿನಲ್ಲಿದ್ದ ಒಂದು ಹಿತ್ತಾಳೆ ವಾದ್ಯ ಮುಂದೆ ಕರಾವಳಿಯ ಒಬ್ಬ ಹುಡುಗನ ಬದುಕನ್ನೇ ತಿರುಗಿಸಿತು. ಆ ಕತೆಗೆ ಆಮೇಲೆ ಬರುತ್ತೇನೆ.

1964ರಲ್ಲಿ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಶಾಲೆ ತೆರೆದರು. ತಾಳವಾದ್ಯಕ್ಕೇ ಮೀಸಲಾದ ಶಾಲೆ. ಇದು ಸಣ್ಣ ಸಂಗತಿಯಲ್ಲ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಮೃದಂಗಕ್ಕೆ ಗೌರವವಿದೆ, ಆದರೆ ಅದು ಪಕ್ಕವಾದ್ಯ. ಮೂರು ಗಂಟೆಯ ಕಛೇರಿಯಲ್ಲಿ ಅದರ ಸ್ವಂತ ಮಾತಿಗೆ ಸಿಗುವುದು ತನಿ ಆವರ್ತನದ ಕೆಲವು ನಿಮಿಷ. ಆ ಹೊತ್ತಿಗೇ ಸಭಿಕರಲ್ಲಿ ಒಂದಷ್ಟು ಜನ ಕಾಫಿಗೆಂದು ಎದ್ದು ಹೋಗುತ್ತಾರೆ. ಘಟ, ಮೋರ್ಸಿಂಗ್, ಖಂಜಿರಗಳು ಉಪಪಕ್ಕವಾದ್ಯ. ಅವುಗಳ ಪಾಲು ಇನ್ನೂ ಕಡಿಮೆ. ಬಾಯಲ್ಲೇ ಜತಿ ಹೇಳುವ ಕೊನ್ನಕ್ಕೋಲಿನ ಸ್ಥಿತಿಯಂತೂ ಕೇಳುವುದೇ ಬೇಡ, ವೇದಿಕೆಯಿಂದ ಅದು ಹೆಚ್ಚುಕಡಿಮೆ ಮರೆಯಾಗುತ್ತ ಬಂದಿತ್ತು. ಮಣಿ ಈ ಸಾಲನ್ನು ತಿರುಗಿಸಿದರು. ಪಕ್ಕದಲ್ಲಿ ಕೂತವರನ್ನು ಮುಂದಕ್ಕೆ ತಂದು, ಲಯವನ್ನೇ ಕಛೇರಿ ಮಾಡಿದರು. ಜಾಝ್‌ನವರಿಗೆ ಇದು ತಕ್ಷಣ ಅರ್ಥವಾಗುವ ಮಾತಾಗಿತ್ತು, ಏಕೆಂದರೆ ಅವರಲ್ಲಿ ಡ್ರಮ್ ಬಾರಿಸುವವನೇ ತಂಡದ ಯಜಮಾನನಾದ ಉದಾಹರಣೆಗಳಿವೆ. ಆರ್ಟ್ ಬ್ಲೇಕಿ ಅಂಥವರಲ್ಲಿ ಒಬ್ಬರು.

ಕೊನ್ನಕ್ಕೋಲಿನಲ್ಲಿ ಪರದೇಶದವರನ್ನು ಬೆರಗುಗೊಳಿಸಿದ್ದು ಯಾವುದು ಎಂದು ಕಾಣಬೇಕಾದರೆ ಒಂದೇ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಆದಿತಾಳದ ಎಂಟು ಅಕ್ಷರಕ್ಕೆ, ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ, ಒಂದು ಆವರ್ತಕ್ಕೆ 32 ಮಾತ್ರೆ. ಕೈ ನೆಮ್ಮದಿಯಿಂದ ತಾಳ ಹಾಕುತ್ತಿರುತ್ತದೆ. ಬಾಯಿ 'ತದಿಗಿಣತೊಂ' ಎಂಬ ಐದು ಮಾತ್ರೆಯ ಸೊಲ್ಲನ್ನು ಹಿಡಿಯುತ್ತದೆ. ಮೊದಲ ಸಲ ಸೊಲ್ಲೂ ಪೆಟ್ಟೂ ಒಟ್ಟಿಗೆ ಬೀಳುತ್ತವೆ. ಎರಡನೆಯ ಸಲ ಸೊಲ್ಲು ಪೆಟ್ಟಿನಿಂದ ಒಂದು ಮಾತ್ರೆ ಸರಿದಿರುತ್ತದೆ, ಮೂರನೆಯ ಸಲ ಎರಡು, ನಾಲ್ಕನೆಯ ಸಲ ಮೂರು. ಐದನೆಯ ಸಲಕ್ಕೆ ಮತ್ತೆ ಎರಡೂ ಕೂಡುತ್ತವೆ. ಆರನೆಯ ಸಲ ಹೇಳಿ ಮುಗಿಸುವಾಗ 30 ಮಾತ್ರೆ ಆಗಿರುತ್ತದೆ. ಉಳಿದ ಎರಡಕ್ಕೆ 'ತಕ' ಎಂದು ಸೇರಿಸಿದರೆ ಸಮ ಬಂತು. ಕೇಳುವವನ ಎದೆ ಒಂದು ಕ್ಷಣ ಆಯ ತಪ್ಪಿದಂತಾಗಿ ಮತ್ತೆ ನಿಲ್ಲುತ್ತದೆ. ಇದು ಮಕ್ಕಳ ಪಾಠ. ವಿದ್ವಾಂಸರು ಇದರ ಮೇಲೆ ಮೂರು ಕಾಲ, ಐದು ನಡೆಗಳ ಕಟ್ಟಡ ಏರಿಸುತ್ತಾರೆ. ನಾಲ್ಕರ ಬಾರ್‌ಗಳಲ್ಲಿ ಬೆಳೆದ ಜಾಝ್ ವಾದಕನಿಗೆ, ತಾಳ ಬಿಡದೆಯೇ ತಾಳದಿಂದ ತಪ್ಪಿಸಿಕೊಳ್ಳುವ ಇಂಥ ದಾರಿ ಯಾವುದೇ ಕಾಗದದ ಮೇಲೆ ಬರೆಯದೆ, ಬರೀ ನಾಲಗೆಯ ಮೇಲೆ ಸಿಗುತ್ತಿತ್ತು. ಅವರ ಹಾಡೂ ಸುತ್ತು ಬಂದು ಮೊದಲಿಗೆ ಮರಳುವಂಥದ್ದೇ. ಹೀಗಾಗಿ ಮನೆಗೆ ಮರಳುವ ಸುಖ ಅವರಿಗೆ ಹೊಸದಲ್ಲ. ಹೊಸದಾಗಿದ್ದದ್ದು ಮರಳುವ ಮೊದಲು ಎಷ್ಟು ದೂರ ಹೋಗಬಹುದು ಎಂಬುದು.

ಚಾರ್ಲಿ ಮಾರಿಯಾನೊ ಬೆಂಗಳೂರಿಗೆ ಬಂದ ದಾರಿ ನೇರವಾದದ್ದಲ್ಲ. 1923ರ ನವೆಂಬರಿನಲ್ಲಿ ಬಾಸ್ಟನ್ನಿನ ಇಟಾಲಿಯನ್ ವಲಸಿಗರ ಮನೆಯಲ್ಲಿ ಹುಟ್ಟಿದವರು. ಸ್ಟ್ಯಾನ್ ಕೆಂಟನ್ ಅವರ ದೊಡ್ಡ ಬ್ಯಾಂಡಿನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದರು. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಹೆಸರಾಂತ ರೆಕಾರ್ಡೊಂದರಲ್ಲಿ ಅವರ ಸ್ಯಾಕ್ಸೊಫೋನ್ ಅಳುತ್ತದೆ, ಕೂಗುತ್ತದೆ, ಕೇಳಿದವರು ಮರೆಯಲಾರರು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. ಅಷ್ಟು ಹೆಸರು ಮಾಡಿದ ಮನುಷ್ಯ 1960ರ ದಶಕದ ಕೊನೆಯ ಭಾಗದಲ್ಲಿ ಮಲೇಷ್ಯಾದ ರೇಡಿಯೊ ವಾದ್ಯವೃಂದಕ್ಕೆ ತರಬೇತಿ ಕೊಡಲು ಹೋದರು. ಅಲ್ಲಿನ ತಮಿಳರ ನಡುವೆ ಮೊದಲ ಬಾರಿಗೆ ನಾಗಸ್ವರ ಅವರ ಕಿವಿಗೆ ಬಿತ್ತು. ಕಲಿಸಲು ಹೋದವರು ಕಲಿಯಲು ಕೂತರು. ಅಷ್ಟಕ್ಕೇ ಬಿಡದೆ 1970ರ ದಶಕದಲ್ಲಿ ದಕ್ಷಿಣ ಭಾರತಕ್ಕೇ ಬಂದು ನಾಗಸ್ವರದ ಅಭ್ಯಾಸ ಮುಂದುವರಿಸಿದರು. ಐವತ್ತು ಸಮೀಪಿಸಿದ, ತನ್ನ ವಾದ್ಯದಲ್ಲಿ ಜಗತ್ತೇ ಒಪ್ಪಿದ ಒಬ್ಬ ಕಲಾವಿದ, ಸರಿಗಮದ ಸರಳೆ ವರಸೆಯಿಂದ ಮತ್ತೆ ಶುರುಮಾಡುವುದೆಂದರೆ ಅದಕ್ಕೆ ದೊಡ್ಡ ಮನಸ್ಸು ಬೇಕು.

ಜಾಝ್ ಲೋಕವೂ ಆ ಹೊತ್ತಿಗೆ ರಾಗಕ್ಕೆ ಬಾಗಿಲು ತೆರೆದಿತ್ತು. 1959ರ 'ಕೈಂಡ್ ಆಫ್ ಬ್ಲೂ' ರೆಕಾರ್ಡಿನಲ್ಲಿ ಮೈಲ್ಸ್ ಡೇವಿಸ್ ಸ್ವರಮೇಳಗಳ ಓಟವನ್ನು ಕಡಿಮೆ ಮಾಡಿ, ಒಂದೇ ಸ್ವರಶ್ರೇಣಿಯಲ್ಲಿ ನಿಂತು ವಿಸ್ತರಿಸುವ ದಾರಿ ತೋರಿಸಿದ್ದರು. ಜಾನ್ ಕೋಲ್ಟ್ರೇನ್ ರವಿಶಂಕರರ ಸಂಗೀತವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು. ಲಂಡನ್ನಿನಲ್ಲಿ ಜಾನ್ ಮೇಯರ್ ಮತ್ತು ಜೋ ಹ್ಯಾರಿಯಟ್ ಅವರು ರಾಗವನ್ನೂ ಜಾಝನ್ನೂ ಬೆಸೆದ ಪ್ರಯೋಗ, 1970ರ ದಶಕದಲ್ಲಿ ಜಾನ್ ಮೆಕ್‌ಲಾಫ್ಲಿನ್ ಅವರ ಶಕ್ತಿ ತಂಡ. ಇವೆಲ್ಲ ಆಗಿದ್ದವು. ಆದರೂ ಮಾರಿಯಾನೊ ಅವರ ದಾರಿಯಲ್ಲಿ ಒಂದು ವಿಶೇಷವಿದೆ. ಅವರು ಬೆಂಗಳೂರಿನಲ್ಲಿ ಹುಡುಕಿಕೊಂಡು ಹೋದದ್ದು ದೊಡ್ಡ ಹೆಸರಿನ ಒಬ್ಬ ತಾರೆಯನ್ನಲ್ಲ, ಒಂದು ಪಾಠಶಾಲೆಯನ್ನು.

ಮಣಿಯವರ ಶಾಲೆಯ ಬಾಗಿಲಿಗೆ ಬಂದವರು ಅವರೊಬ್ಬರೇ ಅಲ್ಲ. 1970ರ ದಶಕದ ಕೊನೆಯಲ್ಲಿ ಎಂಬ್ರಿಯೊ ಎಂಬ ಜರ್ಮನ್ ತಂಡ ಬಸ್ಸಿನಲ್ಲೇ ಹೊರಟು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸಿಕ್ಕ ಸಂಗೀತಗಾರರ ಜೊತೆ ನುಡಿಸುತ್ತ ಬಂದವರಿಗೆ ಈ ಶಾಲೆಯವರ ಒಡನಾಟವೂ ಆಯಿತು. ಆ ತಂಡದಿಂದ ಒಡೆದು ಹುಟ್ಟಿದ ಡಿಸಿಡೆಂಟನ್ ತಂಡ 1982ರಲ್ಲಿ ಇದೇ ಬೆಂಗಳೂರಿನವರ ಜೊತೆ 'ಜರ್ಮನಿಸ್ತಾನ್' ಎಂಬ ರೆಕಾರ್ಡು ಮಾಡಿತು. ಮುಂಬಯಿಯ ಲೂಯಿ ಬ್ಯಾಂಕ್ಸ್, ಗೋವಾ ಮೂಲದ ಸ್ಯಾಕ್ಸೊಫೋನ್ ವಾದಕ ಬ್ರಾಜ್ ಗೊನ್ಸಾಲ್ವಿಸ್ ಅವರ ಜಾಝ್ ತಂಡದ ಜೊತೆ ರಮಾಮಣಿ ಯುರೋಪಿನಲ್ಲಿ ಹಾಡಿದರು. ಇಷ್ಟೆಲ್ಲ ನಡೆಯುತ್ತಿದ್ದಾಗ ಬೆಂಗಳೂರಿನ ಬಹುಪಾಲು ಸಂಗೀತ ರಸಿಕರಿಗೆ ಇದರ ಸುಳಿವೂ ಇರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಈ ಕತೆಯಲ್ಲಿ ನನ್ನ ಮಟ್ಟಿಗೆ ಎಲ್ಲರಿಗಿಂತ ಹೆಚ್ಚು ಬೆಳೆದವರು ರಮಾಮಣಿ. ಕರ್ನಾಟಕ ಸಂಗೀತದ ಗಾಯಕಿಯ ದಾರಿ ಗೊತ್ತಿರುವಂಥದ್ದು. ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು, ನಮ್ಮ ಪುರಂದರದಾಸರು ಕಟ್ಟಿಟ್ಟದ್ದನ್ನು ಕಲಿತು, ಶುದ್ಧವಾಗಿ ಹಾಡಿ, ಅದರೊಳಗೆ ತನ್ನ ಮನೋಧರ್ಮ ತೋರಿಸುವುದು. ಅದು ದೊಡ್ಡ ಸಂಪತ್ತು, ಅನುಮಾನವೇ ಇಲ್ಲ. ಆದರೆ ಹೊಸ ರಚನೆಗೆ ಅಲ್ಲಿ ಸಿಗುವ ಜಾಗ ಸಣ್ಣದು, ಅದರಲ್ಲೂ ಹೆಣ್ಣಿನ ರಚನೆಗೆ. ಜಾಝ್‌ನವರ ಜೊತೆ ಕೂತಾಗ ಅವರು ಕೇಳುವುದೇ ಬೇರೆ ಪ್ರಶ್ನೆ: ನಿಮ್ಮದು ಏನಿದೆ? ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು. ರಮಾಮಣಿ ಸಾಹಿತ್ಯದ ಹಂಗು ಬಿಟ್ಟು ಸ್ವರಗಳಲ್ಲೇ, ಜತಿಗಳಲ್ಲೇ, ಅಕಾರದಲ್ಲೇ ರಚನೆ ಕಟ್ಟತೊಡಗಿದರು. ದನಿಯೂ ಒಂದು ವಾದ್ಯವಾಗಿ, ಸ್ಯಾಕ್ಸೊಫೋನಿಗೆ ಸಮನಾಗಿ ನಿಂತಿತು. 'ಜ್ಯೋತಿ'ಯಲ್ಲಿ ಅವರೂ ಮಾರಿಯಾನೊ ಅವರೂ ಒಂದೇ ಸ್ವರಸಾಲನ್ನು ಒಟ್ಟಿಗೆ ಓಡಿಸುವ ಕಡೆಗಳಲ್ಲಿ ಯಾವುದು ಕೊರಳು ಯಾವುದು ಹಿತ್ತಾಳೆ ಎಂದು ಗುರುತಿಸಲು ಕಿವಿ ಚುರುಕಾಗಿರಬೇಕು. ಮುಖ್ಯವಾದದ್ದೆಂದರೆ, ಅವರು ತಮ್ಮ ಗಮಕವನ್ನು ಎಲ್ಲಿಯೂ ಸಡಿಲ ಮಾಡಲಿಲ್ಲ. ಪರದೇಶದವರಿಗೆ ಸುಲಭವಾಗಲಿ ಎಂದು ರಾಗವನ್ನು ನೀರು ಮಾಡಲಿಲ್ಲ. ಮಾರಿಯಾನೊ ಅವರಿಗೂ ಅದು ಬೇಕಿರಲಿಲ್ಲ. ಈ ಒಡನಾಟ ಒಂದು ರೆಕಾರ್ಡಿಗೆ ಮುಗಿಯದೆ ಎರಡು ದಶಕ ನಡೆಯಿತು. ಮುಂದೆ ಕಲೋನಿನ ಪಶ್ಚಿಮ ಜರ್ಮನ್ ರೇಡಿಯೊದ ಬಿಗ್ ಬ್ಯಾಂಡ್, ಪಿಯಾನೊ ವಾದಕ ಮೈಕ್ ಹರ್ಟಿಂಗ್ ಅವರೂ ಕೂಡಿಕೊಂಡು, ಬೆಂಗಳೂರಿನ ಹೆಸರನ್ನೇ ಹೊತ್ತ 'ಸ್ಕೆಚಸ್ ಆಫ್ ಬ್ಯಾಂಗಲೋರ್' ಎಂಬ ಕೆಲಸ ಹೊರಬಂತು. ಮಾರಿಯಾನೊ 2009ರ ಜೂನ್ 16ರಂದು ಕಲೋನಿನಲ್ಲಿ ತೀರಿಕೊಂಡರು.

ಈಗ ಕರಾವಳಿಯ ಹುಡುಗನ ವಿಷಯಕ್ಕೆ ಬರೋಣ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರವನ್ನೇ ಹಿಡಿದಿದ್ದ. ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡ, ಕೇಳಿದ. ಅದರ ಒಡಲಿನಿಂದ ಬಂದ ಆ ತುಂಬುದನಿ ಅವನನ್ನು ಬಿಡಲಿಲ್ಲ. ಸ್ಯಾಕ್ಸೊಫೋನ್ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಕಂಡುಹಿಡಿದು 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಮಿಲಿಟರಿ ಬ್ಯಾಂಡಿಗೆಂದು ಮಾಡಿದ್ದು. ಅದಕ್ಕೆ ಆತ್ಮ ಕೊಟ್ಟವರು ಅಮೆರಿಕದ ಕಪ್ಪು ಜಾಝ್ ವಾದಕರು. ಕರ್ನಾಟಕ ಸಂಗೀತಕ್ಕೆ ಅದು ಒಗ್ಗುತ್ತದೆಯೇ ಎಂಬ ಅನುಮಾನಕ್ಕೆ ಕಾರಣವೂ ಇತ್ತು. ನಾಗಸ್ವರದಲ್ಲಿ ಬೆರಳು ನೇರ ರಂಧ್ರದ ಮೇಲೆ ಆಡುತ್ತದೆ. ಬೆರಳನ್ನು ಅರ್ಧ ಸರಿಸಿ, ಉಸಿರನ್ನು ಒತ್ತಿ ಸಡಿಲಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ತೋಡಿಯ ಗಾಂಧಾರವನ್ನು ಅಂಥ ಯಂತ್ರದಲ್ಲಿ ಅಲುಗಿಸುವುದು ಹೇಗೆ?

ಗೋಪಾಲನಾಥರು ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ವರ್ಷಗಟ್ಟಲೆ ತುಟಿ, ನಾಲಗೆ, ಉಸಿರುಗಳನ್ನು ಪಳಗಿಸಿ, ವಾದ್ಯದಲ್ಲೂ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡು, ಕೀಲಿ ಕೊಡದ ಗಮಕವನ್ನು ಬಾಯಿಂದ ತೆಗೆದರು. ಕಛೇರಿಯಲ್ಲಿ ಕಾಲು ಮಡಚಿ ಕೂತು, ಆ ಹಿತ್ತಾಳೆಯ ಕೊಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯಲ್ಲಿ ವಿಭೂತಿ ಕುಂಕುಮ ಧರಿಸಿ ನುಡಿಸುತ್ತಿದ್ದ ಕದ್ರಿ ಗೋಪಾಲನಾಥರ ರೂಪ ನಮ್ಮ ಪೀಳಿಗೆಯ ಕನ್ನಡಿಗರಿಗೆ ಕಣ್ಣಿಗೆ ಕಟ್ಟಿದೆ.

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರ ಕಛೇರಿ ಏರ್ಪಾಟಾಯಿತು. ನಿರಂಜನ್ ಝವೇರಿ ಮತ್ತು ಗೆಳೆಯರು 1978ರಲ್ಲಿ ಆರಂಭಿಸಿದ್ದ ಉತ್ಸವ ಅದು. ಸಭೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇದ್ದರು. ಉಸ್ತಾದ್ ಅಲಿ ಅಕ್ಬರ್ ಖಾನರ ಜೊತೆ 1970ರ ದಶಕದಲ್ಲೇ ರೆಕಾರ್ಡು ಮಾಡಿದ್ದ ಹ್ಯಾಂಡಿಯವರಿಗೆ ರಾಗ ಹೊಸದಲ್ಲ. ಆದರೆ ತಮ್ಮದೇ ವಾದ್ಯ ಹೀಗೆ ಮಾತಾಡಬಲ್ಲದು ಎಂಬುದನ್ನು ಅವರು ಕೇಳಿರಲಿಲ್ಲ. ನಾನೂ ನಿಮ್ಮ ಜೊತೆ ನುಡಿಸಲೇ ಎಂದು ಕೇಳಿ ವೇದಿಕೆ ಏರಿದರು. ಗೋಪಾಲನಾಥರ ಬದುಕಿನಲ್ಲಿ ಅದು ದೊಡ್ಡ ತಿರುವು. ಮುಂದೆ ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರೊಮೆನೇಡ್ ಕಛೇರಿ. ಆ ವೇದಿಕೆ ಏರಿದ ಮೊದಲ ಕರ್ನಾಟಕ ಸಂಗೀತಗಾರ ಅವರೇ. ಜಾಝ್ ಕೊಳಲು ವಾದಕ ಜೇಮ್ಸ್ ನ್ಯೂಟನ್ ಅವರ ಜೊತೆ 'ಸದರ್ನ್ ಬ್ರದರ್ಸ್' ರೆಕಾರ್ಡೂ ಬಂತು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಮಾರಿಯಾನೊ ಮತ್ತು ಹ್ಯಾಂಡಿ ಇಬ್ಬರೂ ಚಾರ್ಲ್ಸ್ ಮಿಂಗಸ್ ಅವರ ತಂಡಗಳಲ್ಲಿ ನುಡಿಸಿದವರು. ಹ್ಯಾಂಡಿ 1959ರಲ್ಲಿ, ಮಾರಿಯಾನೊ 1963ರಲ್ಲಿ ಅವರ ಜೊತೆ ರೆಕಾರ್ಡು ಮಾಡಿದರು. ಮಿಂಗಸ್ ತಮ್ಮ ರಚನೆಗಳನ್ನು ಎಷ್ಟೋ ಸಲ ಬರೆದು ಕೊಡುತ್ತಿರಲಿಲ್ಲ, ಹಾಡಿ ತೋರಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಕಿವಿಯಿಂದ ಕಲಿ, ಆಮೇಲೆ ನಿನ್ನ ದನಿಯಲ್ಲಿ ಹೇಳು ಎಂಬುದು ಅವರ ಪಾಠ. ಅಂಥ ಗರಡಿಯಲ್ಲಿ ಪಳಗಿದ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಬಂದು ಕನ್ನಡ ನಾಡಿನ ಕಲಾವಿದರನ್ನೇ ಕೂಡಿಕೊಂಡದ್ದು ಬರೀ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಗುರುಕುಲದ ಪಾಠವೂ ಅದೇ ಕಿವಿಯದು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ನಾಗಸ್ವರ ಹಿಡಿದಿದ್ದ, ಬಂಟ್ವಾಳದ ನಾಗಸ್ವರ ಮನೆತನದ ಹುಡುಗ ಸ್ಯಾಕ್ಸೊಫೋನ್ ಹಿಡಿದಿದ್ದ. ಇಬ್ಬರೂ ಎದುರಿನವರ ವಾದ್ಯದಲ್ಲಿ ತಮ್ಮದನ್ನೇ ಹುಡುಕಿಕೊಂಡರು.

ಕದ್ರಿಯವರ ಸಾಧನೆಯ ಫಲ ದೊಡ್ಡ ವೇದಿಕೆಗಳಿಗಷ್ಟೇ ನಿಲ್ಲಲಿಲ್ಲ. ಇಂದು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ದೇವಸ್ಥಾನದ ಉತ್ಸವವಿರಲಿ, ಮದುವೆಯ ದಿಬ್ಬಣವಿರಲಿ, ದೈವದ ನೇಮವಿರಲಿ, ಸ್ಯಾಕ್ಸೊಫೋನ್ ಕೇಳುತ್ತದೆ. ನ್ಯೂ ಆರ್ಲಿಯನ್ಸಿನ ಬೀದಿ ಮೆರವಣಿಗೆಯ ವಾದ್ಯ ತುಳುನಾಡಿನ ಗದ್ದೆಬದಿಯಲ್ಲಿ ದೈವದ ಗಗ್ಗರದ ಸದ್ದಿಗೆ ಜೊತೆಯಾಗಿದೆ. ಗೋಪಾಲನಾಥರಿಗೆ 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಅವರ ಒಂದು ರೆಕಾರ್ಡು ಅಮೆರಿಕದಲ್ಲಿ ಬೆಳೆದ ಒಬ್ಬ ಕನ್ನಡದ ಹುಡುಗನ ಕೈ ಸೇರಿದ್ದು ಇನ್ನೊಂದು ಅಧ್ಯಾಯ. ರುದ್ರೇಶ ಮಹಂತಪ್ಪ 1971ರಲ್ಲಿ ಇಟಲಿಯ ಟ್ರೀಸ್ಟ್ ನಗರದಲ್ಲಿ ಹುಟ್ಟಿದರು. ತಂದೆ ಕೆ.ಟಿ. ಮಹಂತಪ್ಪ ಕರ್ನಾಟಕದಿಂದ ಹೋದ ಭೌತವಿಜ್ಞಾನಿ, ಕೊಲರಾಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಬೋಲ್ಡರ್ ಊರಿನಲ್ಲಿ ಬೆಳೆದ ರುದ್ರೇಶ ಚಾರ್ಲಿ ಪಾರ್ಕರ್ ಕೇಳಿ ಸ್ಯಾಕ್ಸೊಫೋನಿಗೆ ಮರುಳಾದರು. ಮಾರಿಯಾನೊ ಒಮ್ಮೆ ಪಾಠ ಹೇಳಿದ್ದ ಬರ್ಕ್ಲಿಯಲ್ಲೇ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ರೆಕಾರ್ಡು ಕೊಟ್ಟ. ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ಮುಗಿಯಿತು. ಅಮೆರಿಕದಲ್ಲಿ ಭಾರತೀಯ ಮುಖ ಹೊತ್ತು ಜಾಝ್ ನುಡಿಸುವ ಯುವಕನಿಗೆ ನೀನು ಯಾರು ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತಿತ್ತು. ತನ್ನ ವಾದ್ಯದಲ್ಲಿ, ತನ್ನ ಹಿರಿಯರ ನಾಡಿನವರೊಬ್ಬರು ಯಾರ ಅನುಕರಣೆಯೂ ಇಲ್ಲದೆ ಮಾತಾಡುತ್ತಿರುವುದನ್ನು ಅವರು ಕೇಳಿದ್ದರು.

ಮುಂದೆ ಇಬ್ಬರೂ ದಕ್ಷಿಣ ಎಂಸೆಂಬಲ್ ಎಂಬ ತಂಡ ಕಟ್ಟಿದರು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ, ಗಿಟಾರಿನಲ್ಲಿ ರೆಝ್ ಅಬ್ಬಾಸಿ, ಬಾಸ್‌ನಲ್ಲಿ ಕಾರ್ಲೊ ಡಿ ರೋಸಾ, ಡ್ರಮ್ಸಿನಲ್ಲಿ ರಾಯಲ್ ಹಾರ್ಟಿಗನ್. 2008ರಲ್ಲಿ 'ಕಿನ್ಸ್‌ಮೆನ್' ಎಂಬ ರೆಕಾರ್ಡು ಬಂತು. ಅದರಲ್ಲಿ ರಚನೆಗಳ ನಡುನಡುವೆ ಒಬ್ಬೊಬ್ಬರಿಗೆ ಒಂದೊಂದು ಆಲಾಪ ಕೊಟ್ಟಿದ್ದಾರೆ. ಪಿಟೀಲಿಗೆ ಕೊಡುವುದು ಸರಿ, ಗಿಟಾರಿಗೂ ಇದೆ, ಬಾಸ್ ವಾದಕನಿಗೂ ಇದೆ. ಹಿಂದೆ ನಿಂತು ತಳಪಾಯ ಹಾಕುವ ಬಾಸ್ ಅಲ್ಲಿ ಒಂಟಿಯಾಗಿ ಸ್ವರ ಹುಡುಕುತ್ತದೆ. ಮಣಿಯವರು ಮೃದಂಗಕ್ಕೆ ಮಾಡಿದ್ದೂ ಇದನ್ನೇ ಅಲ್ಲವೇ? ಅಮೆರಿಕದ ಜಾಝ್ ವಿಮರ್ಶಕರು ಈ ರೆಕಾರ್ಡನ್ನು ಎತ್ತಿ ಹಿಡಿದರು. ರುದ್ರೇಶ ಇಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರು.

ಅದಕ್ಕೂ ಮೊದಲು, 2004ರಲ್ಲಿ ಅವರು ಮಾಡಿದ 'ಮದರ್ ಟಂಗ್' ಎಂಬ ಕೆಲಸ ನನ್ನನ್ನು ಇನ್ನೂ ಹೆಚ್ಚು ಹಿಡಿದಿಟ್ಟಿದೆ. ಬೇರೆ ಬೇರೆ ಭಾರತೀಯ ಭಾಷೆಯವರು ಸಹಜವಾಗಿ ಆಡಿದ ಮಾತನ್ನು ಕೇಳಿ, ಆ ಮಾತಿನ ಏರಿಳಿತವನ್ನೇ ಸ್ವರಗಳಾಗಿ ಗುರುತುಹಾಕಿಕೊಂಡು, ಅದರ ಮೇಲೆ ಜಾಝ್ ರಚನೆಗಳನ್ನು ಕಟ್ಟಿದರು. ಅವುಗಳಲ್ಲಿ ಒಂದರ ಹೆಸರು 'ಕನ್ನಡ'. ಹಾಡಲ್ಲ, ಪದ್ಯವಲ್ಲ, ಬರೀ ಆಡುಮಾತು. ಅದರ ಓಟ, ತಡೆ, ಉಸಿರು ಸ್ಯಾಕ್ಸೊಫೋನಿನ ನಾಲ್ವರ ತಂಡದಲ್ಲಿ ಮೊಳಗುತ್ತದೆ.

ಇದನ್ನು ಕೇಳುವಾಗ ವಿಜಯಪುರ ಜಿಲ್ಲೆಯವನಾದ ನನಗೆ ಇಂಗಳೇಶ್ವರ ನೆನಪಾಗದೆ ಇರುವುದಿಲ್ಲ. ಬಸವನ ಬಾಗೇವಾಡಿಗೆ ಹತ್ತಿರದ ಈ ಊರು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ನಮ್ಮ ಕಡೆಯ ಜನ ನಂಬಿದ್ದಾರೆ. ವಚನಗಳನ್ನು ಕಲ್ಲಿನಲ್ಲಿ ಕೊರೆಸಿದ ವಚನ ಶಿಲಾಮಂಟಪವೂ ಅಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಂದ, ವೃತ್ತಗಳ ಲೆಕ್ಕವನ್ನು ಬದಿಗಿಟ್ಟು, ಜನ ಆಡುವ ಮಾತಿನ ಲಯದಲ್ಲೇ ಕಾವ್ಯ ನಿಲ್ಲಬಲ್ಲದು ಎಂದು ತೋರಿಸಿದರು. ಅಂಬಿಗ, ಮಡಿವಾಳ, ಸೂಳೆ, ರಾಣಿ ಎಲ್ಲರೂ ತಮ್ಮ ತಮ್ಮ ಅಂಕಿತದಲ್ಲಿ, ತಮ್ಮ ದನಿಯಲ್ಲಿ ಹೇಳಿದರು. ಎರಡು ಚಳವಳಿಗಳನ್ನು ಒಂದೇ ಎನ್ನುವ ಅವಸರ ನನಗಿಲ್ಲ. ಒಂದು ಭಕ್ತಿಯದು, ಸಾಮಾಜಿಕ ಕ್ರಾಂತಿಯದು, ಇನ್ನೊಂದು ಬೇರೆ ನೆಲದ ನೋವಿನದು. ಆದರೆ ತುಳಿತಕ್ಕೆ ಸಿಕ್ಕವರು ತಮ್ಮ ಮಾತಿನ ಲಯವನ್ನು ನಂಬಿದಾಗ ಹೊಸ ಕಲೆ ಹುಟ್ಟುತ್ತದೆ ಎಂಬುದಕ್ಕೆ ಶರಣರ ಕಲ್ಯಾಣವೂ ಸಾಕ್ಷಿ, ನ್ಯೂ ಆರ್ಲಿಯನ್ಸೂ ಸಾಕ್ಷಿ. ಕನ್ನಡದ ಆಡುಮಾತು ಜಾಝ್ ಆಗಬಲ್ಲದು ಎಂದು ಕೊಲರಾಡೊದಲ್ಲಿ ಬೆಳೆದ ಹುಡುಗನಿಗೆ ತೋರಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಸಂಗೀತದಾಚೆಗೂ ಜಾಝ್ ಹೀಗೆ ಕೆಲಸ ಮಾಡಿದೆ. ಲ್ಯಾಂಗ್‌ಸ್ಟನ್ ಹ್ಯೂಸ್ ತಮ್ಮ ಜನರ ಬ್ಲೂಸ್ ಹಾಡಿನ ಕಟ್ಟನ್ನು ಕಾವ್ಯಕ್ಕೆ ತಂದರು. ಚಿತ್ರಕಾರ ಮೊಂಡ್ರಿಯನ್ ಎಪ್ಪತ್ತರ ವಯಸ್ಸಿನಲ್ಲಿ ನ್ಯೂಯಾರ್ಕಿನ ಬೂಗಿ-ವೂಗಿ ಕೇಳಿ, ವರ್ಷಗಟ್ಟಲೆ ಎಳೆದ ಕಪ್ಪು ಗೆರೆಗಳನ್ನು ಬಿಟ್ಟು ಹಳದಿ, ಕೆಂಪು ಚೌಕಗಳನ್ನು ಕುಣಿಸಿದ. ಸಂಗೀತಕ್ಕೆ ಮರಳಿದರೆ, ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ, ಜಗದೀಶ್, ಮಾಧುರಿ ಅವರಂಥ ಸಂಗೀತಗಾರರು ರಮಾಮಣಿ, ಗೋಪಾಲನಾಥರು ತೆರೆದ ದಾರಿಯಲ್ಲಿ ತಮ್ಮ ಹೆಜ್ಜೆ ಇಟ್ಟಿದ್ದಾರೆ. ವಿ. ಶಿವಪ್ರಿಯಾ ಮತ್ತು ಬಿ.ಆರ್. ಸೋಮಶೇಖರ ಜೋಯಿಸ್ ಅವರ ಕೊನ್ನಕ್ಕೋಲನ್ನು, ಬಿ.ಸಿ. ಮಂಜುನಾಥ್ ಅವರ ಲಯದ ಲೆಕ್ಕಗಳನ್ನು ಇಂದು ಜಗತ್ತಿನ ಜಾಝ್ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕೇಳಿ ಬಾಯಿಪಾಠ ಮಾಡುತ್ತಾರೆ. ವೇದಿಕೆಯಿಂದ ಮರೆಯಾಗುತ್ತಿದ್ದ ವಿದ್ಯೆ ಮತ್ತೆ ತಲೆ ಎತ್ತಿದೆ.

ಆದರೆ ಇದೆಲ್ಲ ಬೆಂಗಳೂರು, ಮಂಗಳೂರುಗಳ ಕತೆಯಾಗಿಯೇ ಉಳಿದಿದೆ. ನಮ್ಮ ಕಡೆ ಕರಡಿ ಮಜಲು ಇದೆ. ಜಾತ್ರೆಯ ದಿನ ಕರಡಿ ವಾದ್ಯದವರು ಎದುರುಬದುರು ನಿಂತು ಪೆಟ್ಟಿಗೆ ಪೆಟ್ಟು ಕೊಡುತ್ತಿರುವಾಗ, ಶಹನಾಯಿಯಂಥ ಸನಾದಿ ಊದುವವನು ಕೆನ್ನೆಯುಬ್ಬಿಸಿ ಆ ಎರಡರ ನಡುವೆ ರಾಗ ಎಳೆಯುವುದನ್ನು ನೋಡಿದವರಿಗೆ ಸವಾಲು ಜವಾಬಿನ ಸಂಗೀತ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಬೀಳಗಿಯ ಸನಾದಿ ಅಪ್ಪಣ್ಣನ ಹೆಸರು 1977ರ ಸಿನಿಮಾದಿಂದ ನಾಡಿಗೆಲ್ಲ ಗೊತ್ತಾಯಿತು. ಅದರಲ್ಲಿ ಶಹನಾಯಿ ನುಡಿಸಿದವರು ಬನಾರಸ್ಸಿನ ಬಿಸ್ಮಿಲ್ಲಾ ಖಾನರು. ಅವರ ನಾದಕ್ಕೆ ಕೈ ಮುಗಿಯೋಣ. ಆದರೂ ಬೀಳಗಿ, ಬಾಗೇವಾಡಿ, ಸಿಂದಗಿಗಳ ಸನಾದಿಯವರು ಮೆರವಣಿಗೆಯ ಮುಂದೆ ನಡೆಯುವುದಕ್ಕಷ್ಟೇ ಸೀಮಿತರಾಗಬೇಕಿಲ್ಲ.

ವಿಜಯಪುರದಲ್ಲಿ ನವರಸಪುರ ಉತ್ಸವ ಎಂಬುದೊಂದಿದೆ. ಸಂಗೀತಕ್ಕೆಂದೇ ಊರು ಕಟ್ಟಿ, 'ಕಿತಾಬ್-ಎ-ನವರಸ್' ಬರೆದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ನೆನಪಿನ ಉತ್ಸವ. ಅದನ್ನು ನಡೆಸುವವರಿಗೆ ನನ್ನದೊಂದು ಕಳಕಳಿಯ ವಿನಂತಿ. ಮುಂದಿನ ಉತ್ಸವಕ್ಕೆ ಒಂದು ವಾರ ಮೊದಲೇ ಇಂಗಳೇಶ್ವರದ ಸುತ್ತಿನ ಕರಡಿ ಮಜಲಿನವರನ್ನು, ಸನಾದಿಯವರನ್ನು ಕರೆಸಿ. ಬೆಂಗಳೂರಿನಿಂದ ಒಬ್ಬ ಕೊನ್ನಕ್ಕೋಲು ವಿದ್ವಾಂಸರನ್ನು, ಮಂಗಳೂರಿನಿಂದ ಒಬ್ಬ ಸ್ಯಾಕ್ಸೊಫೋನ್ ವಾದಕರನ್ನು, ಜಾಝ್ ಬಲ್ಲ ಒಬ್ಬ ಬಾಸ್ ವಾದಕರನ್ನು ಕರೆಸಿ. ಎಲ್ಲರಿಗೂ ಸಮನಾದ ಸಂಭಾವನೆ ಕೊಡಿ. ಒಂದೇ ಕೋಣೆಯಲ್ಲಿ ದಿನವೂ ಕೂರಿಸಿ, ಒಬ್ಬರನ್ನೊಬ್ಬರು ಕೇಳಲು ಸಮಯ ಕೊಡಿ. ಉತ್ಸವದ ರಾತ್ರಿ ಅವರನ್ನು ಒಟ್ಟಿಗೆ ವೇದಿಕೆಗೆ ಬಿಡಿ, ಮುದ್ರಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.